ಪಿಂಗಾಣಿಯ ವಾದಕ

ಕೈಯಲ್ಲಿ ಪಿಟೀಲು, ಮೈಮೇಲೆ ಆಸ್ಥಾನಕ್ಕೆ ಒಪ್ಪುವ ಬಣ್ಣದ ಉಡುಪು, ಮುಖ ಮಾತ್ರ ಕೋತಿಯದು! ಗೇಣುದ್ದವೂ ಇಲ್ಲದ ಈ ಬೊಂಬೆ, ಜರ್ಮನಿಯ ಮೈಸೆನ್ ಪಟ್ಟಣದಲ್ಲಿ 1753ರ ಸುಮಾರಿಗೆ ಶಿಲ್ಪಿ ಕೆಂಡ್ಲರನೂ ಅವನ ಸಹಾಯಕರೂ ರೂಪಿಸಿದ ‘ಕೋತಿಗಳ ವಾದ್ಯಮೇಳ’ದ ಒಬ್ಬ ವಾದಕ. ನೋಡಿದವರಿಗೆ ನಗು ಬಾರದಿರದು.

ಆದರೆ ಆ ನಗುವಿನ ಹಿಂದೆ ಒಂದು ಸೆರೆಯ ಕಥೆಯಿದೆ. ಗಟ್ಟಿಯಾದ ಬಿಳಿ ಪಿಂಗಾಣಿಯನ್ನು ಮಾಡುವ ವಿದ್ಯೆ ಶತಮಾನಗಳ ಕಾಲ ಚೀನಾ ಮೊದಲಾದ ಪೂರ್ವದೇಶಗಳಿಗೆ ಮಾತ್ರ ತಿಳಿದಿತ್ತು. ಚಿನ್ನವನ್ನು ತಯಾರಿಸಬಲ್ಲೆನೆಂದು ಹೇಳಿಕೊಂಡ ಬ್ಯೋಟ್ಗರ್ ಎಂಬ ತರುಣನನ್ನು ಸ್ಯಾಕ್ಸನಿಯ ಅರಸ ಆಗಸ್ಟಸನು 1701ರಲ್ಲಿ ಹಿಡಿದು ಕಾವಲಿನಲ್ಲಿರಿಸಿದನು. ಚಿನ್ನ ದೊರೆಯಲಿಲ್ಲ. ವಿದ್ವಾಂಸನಾದ ಚಿರ್ನ್‌ಹೌಸನೊಡನೆ ನಡೆಸಿದ ಪ್ರಯೋಗಗಳಿಂದ 1708ರಲ್ಲಿ ಪಿಂಗಾಣಿಯ ಗುಟ್ಟು ದೊರೆಯಿತು. 1710ರಲ್ಲಿ ಮೈಸೆನ್ನಿನ ಕೋಟೆಯಲ್ಲಿ ಕಾರ್ಖಾನೆ ತಲೆಯೆತ್ತಿತು. ಆದರೂ ಬ್ಯೋಟ್ಗರನಿಗೆ ಬಿಡುಗಡೆಯಾದದ್ದು 1714ರಲ್ಲಿ. 1719ರಲ್ಲಿ, 37ನೆಯ ವಯಸ್ಸಿನಲ್ಲೇ ಅವನು ತೀರಿಕೊಂಡನು.

ಇಂತಹ ಬೊಂಬೆಯ ಹುಟ್ಟು ಸುಲಭವಲ್ಲ. ತಲೆ, ತೋಳು, ಮುಂಡಗಳನ್ನು ಬೇರೆ ಬೇರೆ ಅಚ್ಚುಗಳಲ್ಲಿ ತೆಗೆದು, ನೀರಾಗಿ ಕಲಸಿದ ಅದೇ ಮಣ್ಣಿನಿಂದ ಬೆಸೆಯುತ್ತಾರೆ. ಆವಿಗೆಯ ಸುಮಾರು 1400 ಡಿಗ್ರಿ ಸೆಲ್ಸಿಯಸ್ ಉರಿಯಲ್ಲಿ ಅದು ಆರರಲ್ಲೊಂದು ಪಾಲಿನಷ್ಟು ಕುಗ್ಗುತ್ತದೆ. ಬೆಸುಗೆ ಸಡಿಲವಾಗಿದ್ದರೆ ಬಿರುಕು ಬಿಡುತ್ತದೆ. ಅನಂತರ ಬಣ್ಣ ಬಳಿದು, ಕಡಿಮೆ ಉರಿಯಲ್ಲಿ ಮತ್ತೊಮ್ಮೆ ಸುಡುತ್ತಾರೆ.

ಅಂದು ಹೀಗೆ ಮಣ್ಣು ಹದಮಾಡಿದವರ, ಉರಿ ಕಾಯ್ದವರ, ಕುಂಚ ಹಿಡಿದವರ ಹೆಸರುಗಳು ಬಹುಮಟ್ಟಿಗೆ ಮರೆತುಹೋಗಿವೆ. ಪುಟ್ಟ ವಾದಕನ ಉಡುಪಿನ ಬಣ್ಣ ಮಾತ್ರ ಇಂದಿಗೂ ಮಾಸಿಲ್ಲ. ಅವನನ್ನು ಕಂಡು ನಗುವವರು ಆ ಕೈಗಳನ್ನೂ ನೆನೆಯಬೇಕು.