ಮಾತ್ರೆ ಸರಿಯಿದೆ, ನುಂಗುವ ಹೊತ್ತು ಸರಿಯಿದೆಯೇ?

ಥೈರಾಯ್ಡ್ ಮಾತ್ರೆ ನುಂಗಿ, ಅದರ ಬೆನ್ನಿಗೇ ಕಾಫಿ ಲೋಟ ಕೈಗೆತ್ತಿಕೊಳ್ಳುವವರು ನಮ್ಮಲ್ಲಿ ಎಷ್ಟೋ ಮಂದಿ. ಕೆಲವು ತಿಂಗಳು ಬಿಟ್ಟು ರಕ್ತ ಪರೀಕ್ಷೆ ಮಾಡಿಸಿದರೆ, ಥೈರಾಯ್ಡ್ ಹಾರ್ಮೋನ್ ಸಾಲದಾಗ ಹೆಚ್ಚುವ ಟಿಎಸ್‌ಎಚ್ ಏರಿರುತ್ತದೆ. ಡಾಕ್ಟರು 50ರ ಮಾತ್ರೆಯನ್ನು 75ಕ್ಕೆ ಏರಿಸುತ್ತಾರೆ, ಮುಂದಿನ ಸಲ 100ಕ್ಕೆ. ಮಾತ್ರೆ ಆದಮೇಲೆ ಎಷ್ಟು ಹೊತ್ತಿಗೆ ಕಾಫಿ ಕುಡಿಯುತ್ತೀರಿ ಎಂದು ಅವರು ಕೇಳಿರುವುದಿಲ್ಲ, ಇವರೂ ಹೇಳಿರುವುದಿಲ್ಲ. ಔಷಧದ ಅಂಗಡಿಯಲ್ಲಿ ನಿಂತು ಇಂಥ ಚೀಟಿಗಳನ್ನು ನೋಡಿದಾಗಲೆಲ್ಲ ನನಗೆ ಸಂಕಟವಾಗುತ್ತದೆ. ಕಾಯಿಲೆ ಹೆಚ್ಚಿಲ್ಲ, ಔಷಧವೂ ಕೆಟ್ಟಿಲ್ಲ, ಕೆಟ್ಟಿರುವುದು ಹೊತ್ತು ಮಾತ್ರ.

ಹಿನ್ನೆಲೆ ಇಷ್ಟೇ. ನುಂಗಿದ ಮಾತ್ರೆ ಕರಗಿ, ಕರುಳಿನ ಗೋಡೆ ದಾಟಿ ರಕ್ತ ಸೇರಬೇಕು. ಹಾದಿಯಲ್ಲಿ ಕ್ಯಾಲ್ಸಿಯಂ, ಕಬ್ಬಿಣದಂಥವು ಸಿಕ್ಕರೆ ಕೆಲವು ಔಷಧಗಳು ಅವಕ್ಕೆ ಅಂಟಿಕೊಂಡು, ರಕ್ತಕ್ಕೆ ಸೇರದೆ ಹೊರಗೆ ಹೋಗಿಬಿಡುತ್ತವೆ. ಇದಕ್ಕೆ ತದ್ವಿರುದ್ಧವಾಗಿ, ಕೆಲವು ಹಣ್ಣುಗಳು ಔಷಧವನ್ನು ಒಡೆಯುವ ಕಿಣ್ವವನ್ನೇ ಕೆಡಿಸಿ, ಅದು ಅಳತೆ ಮೀರಿ ರಕ್ತಕ್ಕೆ ನುಗ್ಗುವಂತೆ ಮಾಡುತ್ತವೆ.

ಮೊದಲು ಮನೆಯಲ್ಲಿರುವ ಮಾತ್ರೆಗಳನ್ನೆಲ್ಲ ಒಂದು ಕಡೆ ಹರವಿ. ಡಾಕ್ಟರು ಬರೆದದ್ದಷ್ಟೇ ಅಲ್ಲ, ಮೂಳೆಗೆ ಒಳ್ಳೆಯದೆಂದು ನೀವೇ ತಂದ ಕ್ಯಾಲ್ಸಿಯಂ, ಆಶಾ ಕಾರ್ಯಕರ್ತೆ ಕೊಟ್ಟುಹೋದ ಕಬ್ಬಿಣದ ಮಾತ್ರೆ, ಎದೆಯುರಿಗೆ ಕುಡಿಯುವ ಗುಲಾಬಿ ಬಣ್ಣದ ಸಿರಪ್ಪು, ಎಲ್ಲವೂ ಬರಲಿ. ಜನ ಇವನ್ನು ಔಷಧವೆಂದೇ ಲೆಕ್ಕ ಹಿಡಿಯುವುದಿಲ್ಲ. ತೊಂದರೆ ಕೊಡುವುದು ಹೆಚ್ಚಾಗಿ ಇವೇ.

ಆಮೇಲೆ ಖಾಲಿ ಹೊಟ್ಟೆಯಲ್ಲಿ ನುಂಗಬೇಕಾದವನ್ನು ಬೇರೆ ಮಾಡಿ. ಚೀಟಿಯಲ್ಲಿ 1-0-0 ಎಂದು ಬರೆದಿದ್ದರೆ ಬೆಳಿಗ್ಗೆ ಒಂದು ಎಂದಷ್ಟೇ ಅರ್ಥ, ತಿಂಡಿಗೆ ಮುಂಚೆಯೋ ಆಮೇಲೋ ಅದರಲ್ಲಿ ಇರುವುದಿಲ್ಲ. ಅಂಗಡಿಯಲ್ಲಿ ಕೇಳಿ ಪಟ್ಟಿಯ ಮೇಲೆ ಪೆನ್ನಿನಲ್ಲಿ ಬರೆಸಿಕೊಳ್ಳಿ. ಖಾಲಿ ಹೊಟ್ಟೆ ಎಂದರೆ ಊಟಕ್ಕೆ ಒಂದು ಗಂಟೆ ಮೊದಲು ಅಥವಾ ಊಟವಾಗಿ ಎರಡು ಗಂಟೆ ಕಳೆದ ಮೇಲೆ. ದೋಸೆ ಹೆಂಚಿನ ಮೇಲಿರುವಾಗ ನುಂಗುವುದು ಖಾಲಿ ಹೊಟ್ಟೆಯಲ್ಲ.

ಥೈರಾಯ್ಡ್ ಮಾತ್ರೆಯ ವಿಷಯವನ್ನು ಸ್ವಲ್ಪ ಬಿಡಿಸಿಯೇ ಹೇಳಬೇಕು. ಏಳುತ್ತಲೇ, ಬರೀ ನೀರಿನಲ್ಲಿ ನುಂಗಿ. ಒಂದು ಗಂಟೆ ಏನೂ ಬೇಡ. ಇಲ್ಲಿ ಅನೇಕರು ಒಂದು ಜಾಣತನ ಮಾಡುತ್ತಾರೆ: ಹಾಲೇ ತಾನೇ ತೊಂದರೆ, ಕರಿ ಕಾಫಿ ಕುಡಿದರಾಯಿತು ಎನ್ನುತ್ತಾರೆ. ಆಗುವುದಿಲ್ಲ. 2008ರಲ್ಲಿ ಇಟಲಿಯ ವೈದ್ಯರು ಪ್ರಕಟಿಸಿದ ಅಧ್ಯಯನ ಎಸ್ಪ್ರೆಸೊ ಕಾಫಿಯದ್ದೇ, ಅದರಲ್ಲಿ ಹಾಲಿರುವುದಿಲ್ಲ. ಮಾತ್ರೆಯ ಜೊತೆಗೆ ಆ ಕಾಫಿ ಕುಡಿದಾಗ ಔಷಧ ರಕ್ತಕ್ಕೆ ಸೇರುವುದು ಕಡಿಮೆಯಾಗಿತ್ತು. ಅಡ್ಡಿ ಮಾಡುವುದು ಕಾಫಿಯೇ. ಸಕ್ಕರೆ ಬಿಟ್ಟರೂ, ಹಾಲು ಬಿಟ್ಟರೂ, ಬೆಲ್ಲ ಹಾಕಿದರೂ ಅದೇ ಒಂದು ಗಂಟೆ ಕಾಯಬೇಕು.

ಬೆಳಗಿನ ಕಾಫಿಗೆ ಅಷ್ಟು ಹೊತ್ತು ಕಾಯುವುದು ಖಂಡಿತ ಆಗದು ಎನ್ನುವವರಿಗೆ ಇನ್ನೊಂದು ದಾರಿಯಿದೆ. ರಾತ್ರಿ ಊಟವಾಗಿ ಮೂರು ಗಂಟೆ ಕಳೆದ ಮೇಲೆ, ಮಲಗುವಾಗ ನುಂಗಬಹುದು. ನೆದರ್ಲೆಂಡ್ಸ್‌ನ ವೈದ್ಯರು 2010ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ ಮಲಗುವಾಗ ನುಂಗಿದವರ ಟಿಎಸ್‌ಎಚ್ ಬೆಳಿಗ್ಗೆ ನುಂಗಿದವರಿಗಿಂತ ಚೆನ್ನಾಗಿಯೇ ಇತ್ತು. ಆದರೆ ಹತ್ತು ಗಂಟೆಗೆ ಊಟ ಮಾಡುವ ಮನೆಗಳಿಗೆ ಇದು ಹೊಂದದು. ಯಾವುದನ್ನು ಆರಿಸಿಕೊಂಡರೂ ದಿನವೂ ಅದನ್ನೇ ಪಾಲಿಸಿ.

ಕ್ಯಾಲ್ಸಿಯಂ ಮತ್ತು ಕಬ್ಬಿಣಕ್ಕೆ ಒಂದು ಗಂಟೆಯ ಅಂತರ ಸಾಲದು, ನಾಲ್ಕು ಗಂಟೆ ಬೇಕು. ಅಮೆರಿಕದಲ್ಲಿ 20 ಮಂದಿ ಥೈರಾಯ್ಡ್ ರೋಗಿಗಳಿಗೆ ಮೂರು ತಿಂಗಳು ದಿನಕ್ಕೆ 1,200 ಮಿಲಿಗ್ರಾಂ ಕ್ಯಾಲ್ಸಿಯಂ ಅನ್ನು ಅವರ ಮಾತ್ರೆಯೊಂದಿಗೇ ಕೊಟ್ಟು ನೋಡಿದರು. ರಕ್ತದಲ್ಲಿ ಹಾರ್ಮೋನ್ ಇಳಿಯಿತು, ಟಿಎಸ್‌ಎಚ್ ಏರಿತು. ಕ್ಯಾಲ್ಸಿಯಂ ನಿಲ್ಲಿಸಿದಾಗ ಮತ್ತೆ ಸರಿಹೋಯಿತು. 2000ದಲ್ಲಿ ಇದು ಪ್ರಕಟವಾಯಿತು. ಇಷ್ಟು ಕಾಲ ಕಳೆದರೂ ಎರಡೂ ಮಾತ್ರೆಗಳನ್ನು ಒಂದೇ ಅಂಗೈಯಲ್ಲಿ ಹಾಕಿಕೊಂಡು ನುಂಗುವವರು ಕಡಿಮೆಯಾಗಿಲ್ಲ.

ಒಂದು ಎಚ್ಚರಿಕೆ, ಇದನ್ನು ದಯವಿಟ್ಟು ಹಗುರವಾಗಿ ತೆಗೆದುಕೊಳ್ಳಬೇಡಿ. ಇಷ್ಟು ದಿನ ಕಾಫಿಯೊಂದಿಗೆ ನುಂಗಿ, ಅದಕ್ಕೆ ತಕ್ಕಂತೆ ನಿಮ್ಮ ಡೋಸು ಏರಿದೆ ಎಂದಿಟ್ಟುಕೊಳ್ಳಿ. ನಾಳೆಯಿಂದ ಬರೀ ನೀರಿನಲ್ಲಿ ನುಂಗಿದರೆ ಅದೇ ಮಾತ್ರೆ ಹೆಚ್ಚಾಗಿ ರಕ್ತಕ್ಕೆ ಸೇರುತ್ತದೆ. ಎದೆ ಬಡಿತ ಜೋರಾಗಬಹುದು, ಕೈ ನಡುಗಬಹುದು, ನಿದ್ದೆ ಬಾರದಿರಬಹುದು. ವಯಸ್ಸಾದವರಿಗೆ, ಹೃದ್ರೋಗವಿರುವವರಿಗೆ ಇದು ಅಪಾಯ. ಹೊತ್ತು ಬದಲಿಸುವ ಮೊದಲೇ ಡಾಕ್ಟರಿಗೆ ತಿಳಿಸಿ, ಆರು ವಾರ ಬಿಟ್ಟು ಟಿಎಸ್‌ಎಚ್ ಮತ್ತೆ ನೋಡಿಸಿ. ಅದಕ್ಕಿಂತ ಬೇಗ ನೋಡಿಸಿದರೆ ಸರಿಯಾದ ಅಂಕಿ ಸಿಗದು, ಈ ಔಷಧ ದೇಹದಲ್ಲಿ ನೆಲೆಯಾಗುವುದು ನಿಧಾನ.

ಕಬ್ಬಿಣದ ಮಾತ್ರೆ. ಬಸುರಿಯರಿಗೆ ಸರ್ಕಾರ ಕೊಡುವ ಕೆಂಪು ಮಾತ್ರೆಯಲ್ಲಿ 60 ಮಿಲಿಗ್ರಾಂ ಕಬ್ಬಿಣವಿದೆ. ಅದನ್ನು ಚಹಾದ ಜೊತೆ ನುಂಗಿದರೆ ಚಹಾದ ಒಗರು ಅದರಲ್ಲಿ ಒಂದಷ್ಟನ್ನು ಹಿಡಿದಿಟ್ಟುಕೊಳ್ಳುತ್ತದೆ. 1983ರ ಒಂದು ಅಧ್ಯಯನದಲ್ಲಿ ಊಟದ ಕಬ್ಬಿಣಾಂಶ ದೇಹಕ್ಕೆ ಸೇರುವುದನ್ನು ಒಂದು ಲೋಟ ಕಾಫಿ ಶೇ 39ರಷ್ಟು, ಚಹಾ ಶೇ 64ರಷ್ಟು ತಗ್ಗಿಸಿತ್ತು. ಊಟಕ್ಕೆ ಒಂದು ಗಂಟೆ ಮೊದಲು ಕುಡಿದ ಕಾಫಿಯಿಂದ ಏನೂ ಆಗಲಿಲ್ಲ. ಆದರೆ ಊಟವಾಗಿ ಒಂದು ಗಂಟೆಗೆ ಕುಡಿದದ್ದು ಊಟದ ಜೊತೆ ಕುಡಿದಷ್ಟೇ ಅಡ್ಡಿ ಮಾಡಿತು. ಹಾಗಾಗಿ ಕಾಫಿ, ಚಹಾ ಮೊದಲೇ ಮುಗಿಸಿ, ಒಂದು ಗಂಟೆ ಬಿಟ್ಟು ಮಾತ್ರೆ ನುಂಗಿ, ಮತ್ತೆ ಎರಡು ಗಂಟೆಯಾದರೂ ಅವನ್ನು ಮುಟ್ಟಬೇಡಿ. ನಿಂಬೆ ಪಾನಕದಲ್ಲೇ ನುಂಗಬೇಕೆಂದು ಒದ್ದಾಡಬೇಕಿಲ್ಲ, ನೀರು ಸಾಕು. ಮಲ ಕಪ್ಪಾಗುವುದು ಕಬ್ಬಿಣದಿಂದಲೇ, ಅದಕ್ಕೆ ಹೆದರಿ ಮಾತ್ರೆ ಬಿಡಬೇಡಿ.

ಮೂರೂ ಮಾತ್ರೆ ಇರುವವರಿಗೆ ನಾನು ಬರೆದುಕೊಡುವ ವೇಳಾಪಟ್ಟಿ ಹೀಗಿರುತ್ತದೆ: 5.30ಕ್ಕೆ ಥೈರಾಯ್ಡ್, 6.30ಕ್ಕೆ ಕಾಫಿ, 8ಕ್ಕೆ ತಿಂಡಿ, 11ಕ್ಕೆ ಕಬ್ಬಿಣ, 1.30ಕ್ಕೆ ಊಟ ಮತ್ತು ಊಟವಾದ ಕೂಡಲೇ ಕ್ಯಾಲ್ಸಿಯಂ. ಕಚೇರಿಯಲ್ಲಿರುವವರು ಹನ್ನೊಂದರ ಚಹಾ ಬಿಡಬೇಕಾಗುತ್ತದೆ, ಅದಕ್ಕೆ ಬೇರೆ ಉಪಾಯವಿಲ್ಲ. ಎದೆಯುರಿಯ ಸಿರಪ್ಪೂ ಥೈರಾಯ್ಡ್ ಮಾತ್ರೆಯಿಂದ ನಾಲ್ಕು ಗಂಟೆ ದೂರವಿರಲಿ.

ಇನ್ನು ಉಳಿದವು ಚುಟುಕಾಗಿ.

ಸಿಪ್ರೊಫ್ಲಾಕ್ಸಾಸಿನ್ ಮಾತ್ರೆಯನ್ನು ಹಾಲು, ಮಜ್ಜಿಗೆಯಲ್ಲಿ ನುಂಗಬೇಡಿ, ಸುಮಾರು ಮೂರನೇ ಒಂದು ಭಾಗ ದಂಡವಾಗುತ್ತದೆ. ಆಂಟಿಬಯೋಟಿಕ್ ಉಷ್ಣ, ಮಜ್ಜಿಗೆ ತಂಪು ಎಂದು ಎರಡನ್ನೂ ಒಟ್ಟಿಗೆ ಕೊಡುವುದು ಬೇಡ, ಮಜ್ಜಿಗೆ ಬೇರೆ ಹೊತ್ತಿಗೆ ಕೊಡಿ. ಡಾಕ್ಸಿಸೈಕ್ಲಿನ್ ಅನ್ನು ತುಂಬು ಲೋಟ ನೀರಿನಲ್ಲಿ ನುಂಗಿ ಅರ್ಧ ಗಂಟೆ ಕೂತಿರಿ. ಕೂಡಲೇ ಮಲಗಿದರೆ ಅನ್ನನಾಳಕ್ಕೆ ಅಂಟಿ ಹುಣ್ಣು ಮಾಡುತ್ತದೆ.

ಚಕೋತ. 1989ರಲ್ಲಿ ಕೆನಡಾದ ಡೇವಿಡ್ ಬೇಯ್ಲಿ ಮತ್ತು ಸಂಗಡಿಗರು ಫೆಲೋಡಿಪಿನ್ ಎಂಬ ಬಿಪಿ ಔಷಧದ ಮೇಲೆ ಮದ್ಯದ ಪರಿಣಾಮ ನೋಡುತ್ತಿದ್ದರು. ಮದ್ಯದ ರುಚಿ ಗೊತ್ತಾಗದಿರಲೆಂದು ಗ್ರೇಪ್‌ಫ್ರೂಟ್ ರಸ ಬೆರೆಸಿದರು. ರಕ್ತದಲ್ಲಿ ಔಷಧ ಹಲವು ಪಟ್ಟು ಏರಿತು, ಕಾರಣ ಮದ್ಯವಲ್ಲ, ರಸ. ನಮ್ಮ ಚಕೋತ ಆ ಹಣ್ಣಿನ ಮೂಲಗಳಲ್ಲೊಂದು, ಅದರಲ್ಲೂ ಅದೇ ಗುಂಪಿನ ರಾಸಾಯನಿಕಗಳಿವೆ. ಫೆಲೋಡಿಪಿನ್, ನಿಫೆಡಿಪಿನ್, ಸಿಮ್ವಾಸ್ಟಾಟಿನ್, ಅಟೋರ್ವಾಸ್ಟಾಟಿನ್ ನುಂಗುವವರು, ಮೂತ್ರಪಿಂಡ ಕಸಿ ಮಾಡಿಸಿಕೊಂಡವರು ಚಕೋತಕ್ಕೆ ಹೆಸರಾದ ದೇವನಹಳ್ಳಿ ಕಡೆ ಹೋದಾಗ ಆಸೆಯಾದರೂ ಡಾಕ್ಟರನ್ನು ಕೇಳದೆ ತಿನ್ನಬೇಡಿ. ಪರಿಣಾಮ ಒಂದು ದಿನಕ್ಕೂ ಮೀರಿ ಇರುವುದರಿಂದ ಮಾತ್ರೆ ಬೆಳಿಗ್ಗೆ, ಹಣ್ಣು ರಾತ್ರಿ ಎಂಬ ಉಪಾಯ ಇಲ್ಲಿ ನಡೆಯದು. ಮೋಸಂಬಿ, ಕಿತ್ತಳೆಗೆ ಈ ತೊಂದರೆಯಿಲ್ಲ.

ರಕ್ತ ಹೆಪ್ಪುಗಟ್ಟದಿರಲು ವಾರ್ಫರಿನ್ ಅಥವಾ ಅಸೆನೊಕುಮರಾಲ್ ತೆಗೆದುಕೊಳ್ಳುವವರು ಸೊಪ್ಪು ಪೂರ್ತಿ ಬಿಡಬೇಕಿಲ್ಲ. ಸೊಪ್ಪಿನ ವಿಟಮಿನ್ ಕೆ ಔಷಧಕ್ಕೆ ಎದುರಾಗಿ ಕೆಲಸ ಮಾಡುತ್ತದೆ, ಆದ್ದರಿಂದ ವಾರವಾರವೂ ಹೆಚ್ಚುಕಡಿಮೆ ಒಂದೇ ಪ್ರಮಾಣ ತಿನ್ನಿ. ಈ ವಾರ ದಿನಾ ಮಸ್ಸೊಪ್ಪು, ಮುಂದಿನ ವಾರ ಏನೂ ಇಲ್ಲ ಎಂದಾಗಬಾರದು. ಅಡುಗೆ ಬದಲಾಗಿದ್ದರೆ ಡಾಕ್ಟರಿಗೆ ಹೇಳಿ, ರಕ್ತ ಹೆಪ್ಪುಗಟ್ಟುವ ವೇಗ ನೋಡುವ ಐಎನ್‌ಆರ್ ಪರೀಕ್ಷೆ ಬೇಗ ಮಾಡಿಸಿ.