ಚರ್ಮದ ಗಾಲ್ಫ್ ಕೈಗವಸು: ಆಯ್ಕೆ, ಬಳಕೆ ಮತ್ತು ಲೆಕ್ಕಾಚಾರ

1876ರಲ್ಲಿ ಬೆಂಗಳೂರು ಗಾಲ್ಫ್ ಕ್ಲಬ್ ಸ್ಥಾಪನೆಯಾದಂದಿನಿಂದ ನಮ್ಮ ರಾಜ್ಯದಲ್ಲಿ ಗಾಲ್ಫ್ ಆಟಕ್ಕೆ ದೀರ್ಘ ಪರಂಪರೆಯಿದೆ. ವಾಣಿಜ್ಯೋದ್ಯಮಿಗಳಲ್ಲಿ ಅನೇಕರು ಸ್ವತಃ ಆಟಗಾರರು; ಇನ್ನು ಕೆಲವು ಸಂಸ್ಥೆಗಳು ಪಂದ್ಯಾವಳಿಗಳನ್ನು ಏರ್ಪಡಿಸಿ, ಆಹ್ವಾನಿತರಿಗೆ ಕೈಗವಸುಗಳನ್ನು ಉಡುಗೊರೆಯಾಗಿ ನೀಡುತ್ತವೆ. ದಾಂಡುಗಳ ಖರೀದಿಯಲ್ಲಿ ಬಹಳ ಎಚ್ಚರ ವಹಿಸುವವರು ಸಹ ಕೈಗವಸಿನ ವಿಷಯದಲ್ಲಿ ಬೆಲೆಪಟ್ಟಿಯನ್ನಷ್ಟೇ ನೋಡುವುದು ವಾಡಿಕೆ. ಆದ್ದರಿಂದ ಈ ಸಾಮಗ್ರಿಯ ಕುರಿತು ತಿಳಿದಿರಬೇಕಾದ ಮುಖ್ಯ ಅಂಶಗಳನ್ನು ಇಲ್ಲಿ ಕ್ರಮವಾಗಿ ನೀಡಲಾಗಿದೆ.

1. ಯಾವ ಕೈಗೆ?

ಬಲಗೈ ಆಟಗಾರನು ದಾಂಡಿನ ಮೇಲ್ತುದಿಯನ್ನು ಎಡಗೈಯಿಂದ ಹಿಡಿಯುತ್ತಾನೆ. ಹೊಡೆತದ ವೇಳೆ ದಾಂಡು ಜಾರದಂತೆ ತಡೆಯುವ ಭಾರ ಹೆಚ್ಚಾಗಿ ಆ ಕೈಯ ಮೇಲೆಯೇ ಬೀಳುವುದರಿಂದ ಕೈಗವಸನ್ನು ಎಡಗೈಗೆ ಮಾತ್ರ ಧರಿಸುವುದು ರೂಢಿ. ಎಡಗೈ ಆಟಗಾರನಿಗೆ ಬಲಗೈಯ ಕೈಗವಸು ಬೇಕು. ಸಂಸ್ಥೆಯೊಂದು ತನ್ನ ಪಂದ್ಯಾವಳಿಗಾಗಿ "ಬಲಗೈ ಆಟಗಾರರಿಗೆ" ಎಂಬ ಆಶಯದಿಂದ ಖರೀದಿ ಆದೇಶದಲ್ಲಿ "ಬಲಗೈ ಕೈಗವಸು" ಎಂದು ಬರೆದರೆ, ಸರಬರಾಜುದಾರನು ಆದೇಶದಂತೆಯೇ ಮಾಲು ಕಳುಹಿಸುತ್ತಾನೆ. ನಷ್ಟ ಮಾತ್ರ ಖರೀದಿದಾರನದೇ. ಆದೇಶದಲ್ಲಿ "ಎಡಗೈಗೆ ಧರಿಸತಕ್ಕದ್ದು" ಎಂದು ಸ್ಪಷ್ಟವಾಗಿ ನಮೂದಿಸುವುದು ಕ್ಷೇಮ.

2. ಚರ್ಮದ ಗುಣ

ಉತ್ತಮ ದರ್ಜೆಯ ಕೈಗವಸುಗಳಿಗೆ "ಕ್ಯಾಬ್ರೆಟಾ" ಎಂಬ ಚರ್ಮವನ್ನು ಬಳಸುತ್ತಾರೆ. ಇದು ಉಣ್ಣೆಯ ಬದಲು ಕೂದಲು ಬೆಳೆಯುವ ಜಾತಿಯ ಕುರಿಯ ಚರ್ಮ. ಉಣ್ಣೆಯ ಕುರಿಯ ಚರ್ಮದಲ್ಲಿ ರೋಮಕೂಪಗಳೂ ಕೊಬ್ಬಿನಂಶವೂ ಅಧಿಕವಾಗಿದ್ದು, ಪದರಗಳ ನಡುವೆ ಸಡಿಲತೆ ಉಂಟಾಗುತ್ತದೆ. ಕೂದಲ ಕುರಿಯ ಚರ್ಮದ ಹೆಣಿಗೆ ಬಿಗಿಯಾಗಿರುವುದರಿಂದ ಅದನ್ನು ಬಹಳ ತೆಳುವಾಗಿಸಿದರೂ ಬಲ ಉಳಿಯುತ್ತದೆ. ದಾಂಡಿನ ಸ್ಪರ್ಶವೂ ಕೈಗೆ ಚೆನ್ನಾಗಿ ತಿಳಿಯುತ್ತದೆ. ನಮ್ಮ ಮಂಡ್ಯ ಅಥವಾ ಬನ್ನೂರು ತಳಿಯೂ, ತಮಿಳುನಾಡಿನ ಮೇಚೇರಿ ತಳಿಯೂ ಈ ಕೂದಲ ಕುರಿಗಳ ವರ್ಗಕ್ಕೇ ಸೇರಿದವು. ಬನ್ನೂರು ಕುರಿ ಮಾಂಸಕ್ಕೆ ಹೆಸರಾದರೆ ಮೇಚೇರಿ ಕುರಿ ಚರ್ಮಕ್ಕೂ ಹೆಸರಾಗಿದೆ ಎಂಬುದು ಚರ್ಮೋದ್ಯಮದಲ್ಲಿ ಆಸಕ್ತಿಯುಳ್ಳ ಸದಸ್ಯರು ಗಮನಿಸಬೇಕಾದ ಸಂಗತಿ.

ಕೊಳ್ಳುವಾಗ ಅಂಗೈ ಭಾಗವನ್ನು ಒಳಮುಖವಾಗಿ ಮಡಿಸಿ ನೋಡಬೇಕು. ಸಣ್ಣ, ಒತ್ತಾದ ಗೆರೆಗಳು ಮೂಡಿದರೆ ಚರ್ಮ ಗಟ್ಟಿಯಾದುದು. ದಪ್ಪ, ಸಡಿಲ ಸುಕ್ಕುಗಳು ಮೂಡಿದರೆ ಅದು ಬೇಗನೆ ಜೋಲುಬೀಳುವ ಸಂಭವವಿದೆ. ಹೆಬ್ಬೆರಳಿನ ಬುಡದ ಹೊಲಿಗೆಯನ್ನೂ ಪರೀಕ್ಷಿಸಬೇಕು.

3. ಅಳತೆ

ಚರ್ಮವು ಬಳಕೆಯಿಂದ ಹಿಗ್ಗುತ್ತದೆ. ಆದ್ದರಿಂದ ಹೊಸ ಕೈಗವಸು ರಕ್ತಸಂಚಾರಕ್ಕೆ ಅಡ್ಡಿಯಾಗದಷ್ಟು, ಆದರೆ ಮೈಗಂಟಿದಂತೆ, ಬಿಗಿಯಾಗಿರಬೇಕು. ಬೆರಳ ತುದಿಯಲ್ಲಿ ಖಾಲಿ ಜಾಗವಾಗಲಿ ಅಂಗೈಯಲ್ಲಿ ಮಡಿಕೆಯಾಗಲಿ ಇರಕೂಡದು. ಮಣಿಕಟ್ಟಿನ ಪಟ್ಟಿಯು ತನ್ನ ಅಂಟುವ ಭಾಗದ ಮುಕ್ಕಾಲರಷ್ಟಕ್ಕೆ ನಿಂತರೆ ಅಳತೆ ಸರಿ. ಕೊನೆಯವರೆಗೂ ಎಳೆಯಬೇಕಾದರೆ ಕೈಗವಸು ದೊಡ್ಡದಾಯಿತೆಂದು ಅರ್ಥ. ಅಂಗೈ ಅಗಲವಾಗಿದ್ದು ಬೆರಳುಗಳು ಗಿಡ್ಡವಾಗಿರುವವರಿಗೆ "ಕೆಡೆಟ್" ಎಂಬ ಪ್ರತ್ಯೇಕ ಅಳತೆಗಳು ದೊರೆಯುತ್ತವೆ.

4. ಬಳಕೆ ಮತ್ತು ಜೋಪಾನ

ಚರ್ಮದ ಪ್ರಮುಖ ಶತ್ರು ಬೆವರು. ತೇವ ಆರಿದ ಬಳಿಕ ಉಳಿಯುವ ಲವಣವು ಚರ್ಮವನ್ನು ಪೆಡಸಾಗಿಸುತ್ತದೆ. ಅದನ್ನು ತಡೆಯಲು ಈ ಕ್ರಮಗಳು ಸಹಕಾರಿ:

(ಅ) ಹೊಡೆತಗಳ ನಡುವೆ, ವಿಶೇಷವಾಗಿ ಪಟ್ ಮಾಡುವಾಗ, ಕೈಗವಸನ್ನು ತೆಗೆದಿಡುವುದು.
(ಆ) ಮುದ್ದೆ ಮಾಡಿ ಜೇಬಿಗೆ ತುರುಕದೆ, ಬೆರಳುಗಳನ್ನು ನೇರಮಾಡಿ ನೆರಳಿನಲ್ಲಿ ಆರಿಸುವುದು. ಬಿಸಿಲು ಹಾಗೂ ಕಾರಿನ ಡ್ಯಾಶ್‌ಬೋರ್ಡ್ ವರ್ಜ್ಯ.
(ಇ) ಎರಡು ಕೈಗವಸುಗಳನ್ನು ಸರದಿಯಂತೆ ಬಳಸುವುದು.
(ಈ) ಮಳೆಗಾಲಕ್ಕೆ ಪ್ರತ್ಯೇಕ ಕೃತಕ ನೂಲಿನ ಕೈಗವಸು ಇಟ್ಟುಕೊಳ್ಳುವುದು. ಒದ್ದೆಯಾದ ತೆಳು ಚರ್ಮ ಜಾರುತ್ತದೆ.

ಅಂಗೈಯ ಹಿಮ್ಮಡಿ ಭಾಗದಲ್ಲಿ ಪದೇಪದೇ ತೂತು ಬೀಳುತ್ತಿದ್ದರೆ ತಯಾರಕನನ್ನು ದೂರುವ ಮೊದಲು ತಮ್ಮ ಹಿಡಿತವನ್ನು ತರಬೇತುದಾರರಿಗೆ ತೋರಿಸುವುದು ಒಳ್ಳೆಯದು. ದಾಂಡು ಕೈಯೊಳಗೆ ಜಾರಿ ಉಜ್ಜುತ್ತಿರುವುದರ ಸೂಚನೆ ಅದು.

5. ನಿಜವಾದ ವೆಚ್ಚ

ಖರೀದಿ ಬೆಲೆಗಿಂತ ಪ್ರತಿ ಸುತ್ತಿನ ವೆಚ್ಚವೇ ಸರಿಯಾದ ಮಾನದಂಡ. ಉದಾಹರಣೆಗೆ, ರೂ. 1,200ರ ಚರ್ಮದ ಕೈಗವಸೊಂದು 12 ಸುತ್ತು ಬಾಳಿದರೆ ಸುತ್ತಿಗೆ ರೂ. 100 ಆಯಿತು. ಅಂತಹ ಎರಡನ್ನು ಸರದಿಯಂತೆ ಬಳಸಿ ಒಟ್ಟು 32 ಸುತ್ತು ಪಡೆದರೆ ವೆಚ್ಚ ರೂ. 75ಕ್ಕೆ ಇಳಿಯುತ್ತದೆ. ರೂ. 600ರ ಕೃತಕ ಚರ್ಮದ್ದು 20 ಸುತ್ತು ಬಂದರೆ ಕೇವಲ ರೂ. 30. ಹೀಗಾಗಿ ಅಭ್ಯಾಸಕ್ಕೆ ಕೃತಕ, ಪಂದ್ಯಕ್ಕೆ ಚರ್ಮ ಎಂಬ ವಿಭಜನೆ ಮಿತವ್ಯಯದ ಮಾರ್ಗ. ಈ ಅಂಕಿಗಳು ಲೆಕ್ಕದ ವಿಧಾನವನ್ನು ತೋರಿಸಲು ಮಾತ್ರ. ವಾಚಕರು ತಮ್ಮ ಅನುಭವದ ಅಂಕಿಗಳನ್ನು ಹಾಕಿಕೊಳ್ಳಬಹುದು.

6. ತೆರಿಗೆಯ ದೃಷ್ಟಿಯಿಂದ

ಕ್ರೀಡೆಗೆಂದೇ ರೂಪಿಸಿದ ಚರ್ಮದ ಕೈಗವಸುಗಳು ಸುಂಕಪಟ್ಟಿಯ 4203 21 ಶೀರ್ಷಿಕೆಯಡಿ ಬರುತ್ತವೆ. ಮಾಲೀಕರ ಸ್ವಂತ ಬಳಕೆಗೆ ಕೊಂಡ ಕೈಗವಸಿನ ವೆಚ್ಚವನ್ನು ವ್ಯಾಪಾರದ ಲೆಕ್ಕಕ್ಕೆ ಸೇರಿಸುವಂತಿಲ್ಲ. ಆದಾಯ ತೆರಿಗೆಯಲ್ಲಿ ವೈಯಕ್ತಿಕ ಖರ್ಚಿಗೆ ಕಡಿತವಿಲ್ಲ. ಕೇಂದ್ರ ಸರಕು ಮತ್ತು ಸೇವಾ ತೆರಿಗೆ ಕಾಯ್ದೆ, 2017ರ 17(5)ನೇ ಕಲಮು ಸ್ವಂತ ಬಳಕೆಯ ಸರಕಿಗೂ, ಉಡುಗೊರೆಯಾಗಿ ವಿಲೇವಾರಿ ಮಾಡಿದ ಸರಕಿಗೂ ಹೂಡುವಳಿ ತೆರಿಗೆ ಜಮೆಯನ್ನು ನಿರಾಕರಿಸುತ್ತದೆ. ಆದ್ದರಿಂದ ಪಂದ್ಯಾವಳಿಯ ಉಡುಗೊರೆಗೆ ಆಯವ್ಯಯ ತಯಾರಿಸುವಾಗ ತೆರಿಗೆಯನ್ನೂ ಕೂಡಿಸಿ ಪೂರ್ಣ ಬೆಲೆಯನ್ನೇ ವೆಚ್ಚವೆಂದು ಪರಿಗಣಿಸಬೇಕು. ಆಹ್ವಾನ ಪತ್ರಿಕೆ, ಸ್ವೀಕರಿಸಿದವರ ಪಟ್ಟಿ ಮತ್ತು ಬಿಲ್ಲುಗಳನ್ನು ಒಂದೇ ಕಡತದಲ್ಲಿ ಇಟ್ಟರೆ, ಅದು ವ್ಯಾಪಾರ ಪ್ರಚಾರದ ವೆಚ್ಚವೇ ಎಂದು ಮುಂದೆ ಸಮರ್ಥಿಸಿಕೊಳ್ಳಲು ಆಧಾರವಿರುತ್ತದೆ.

ಕೊನೆಯದಾಗಿ, ಆಹ್ವಾನಿತರಿಂದ ಒಪ್ಪಿಗೆ ಪಡೆಯುವಾಗಲೇ ಅವರು ಯಾವ ಕೈಯ ಆಟಗಾರರು, ಅವರ ಕೈಗವಸಿನ ಅಳತೆ ಯಾವುದು ಎಂಬ ಎರಡು ವಿವರಗಳನ್ನೂ ಕೇಳಿಕೊಳ್ಳುವುದು ಉಚಿತ. ಅಳತೆ ತಪ್ಪಿದ ಉಡುಗೊರೆಯಿಂದ ಕೊಟ್ಟವರಿಗೂ ಪಡೆದವರಿಗೂ ಪ್ರಯೋಜನವಾಗದು.