ತೇಗಕ್ಕೆ ದೊಡ್ಡ ಗಿರಾಕಿ ಊರಲ್ಲೇ ಇದ್ದಾನೆ

ಹದಿನೈದು ವರ್ಷದ ನಿಮ್ಮ ತೇಗವನ್ನು ರಫ್ತು ಮಾಡಿಸಿಕೊಡುತ್ತೇನೆಂದು ಮುಂಗಡ ಕೇಳುವ ಏಜೆಂಟನನ್ನು ದೂರವಿಡಿ. ತೇಗದ ಮಟ್ಟಿಗೆ ಜಗತ್ತಿನ ದೊಡ್ಡ ಗಿರಾಕಿ ನಾವೇ. ಘಾನಾ, ಈಕ್ವೆಡಾರ್, ಪನಾಮಾದ ನೆಡುತೋಪುಗಳ ದಿಮ್ಮಿಗಳು ಹಡಗೇರಿ ಇಲ್ಲಿಗೇ ಬರುತ್ತವೆ. 2014ರಲ್ಲಿ ಮ್ಯಾನ್ಮಾರ್ ದಿಮ್ಮಿ ರಫ್ತನ್ನು ನಿಲ್ಲಿಸಿದ ಮೇಲಂತೂ ವ್ಯಾಪಾರಿಗಳು ಆ ನೆಡುತೋಪುಗಳತ್ತ ಇನ್ನಷ್ಟು ವಾಲಿದರು. ನಮ್ಮಲ್ಲಿ ಬೇಡಿಕೆ ಹುಟ್ಟುವುದು ಬಾಗಿಲು, ಕಿಟಕಿ, ಪೀಠೋಪಕರಣಗಳಿಂದ. ವಿಹಾರನೌಕೆಯ ಡೆಕ್ಕಿಗೆ ತೇಗ ಕೊಳ್ಳುವ ಯುರೋಪಿನವರು ಬಯಸುವುದು ಬಲಿತ ಮರದ, ಗಂಟಿಲ್ಲದ ನೇರ ಹಲಗೆ.

ನಿಮ್ಮ ಮರ ಇನ್ನೂ ಅಷ್ಟು ಬಲಿತಿಲ್ಲ. ಅದರ ಅಡ್ಡಸೀಳನ್ನೇ ನೋಡಿ: ಹೊರಗೆ ಬಿಳಿ ಭಾಗ ದಪ್ಪ, ಒಳಗೆ ಕಂದು ಚೇಗು ಚಿಕ್ಕದು. ಬೆಲೆ ಸಿಗುವುದು ಚೇಗಿಗೆ, ಸುತ್ತಳತೆಗೆ. ಹತ್ತಿರದ ಸರ್ಕಾರಿ ನಾಟಾ ಡಿಪೋದ ಹರಾಜಿನ ದರ ವಿಚಾರಿಸಿ. ಸೊರಗಿದ ಮರ ತೆಗೆದು, ಗಟ್ಟಿಯವನ್ನು ಇನ್ನಷ್ಟು ವರ್ಷ ಬಿಡಿ. ಕಡಿಯುವ ಮೊದಲು ಅರಣ್ಯ ಇಲಾಖೆಯ ಅನುಮತಿ ಪಡೆಯಿರಿ.